ಕಲ್ಲಿಕೋಟೆಯಲ್ಲಿದ್ದ ನನ್ನ ಕೈ

ಒಂದು ಲೋಟ ನೀರನ್ನು ಎತ್ತಿ ಬಾಯಿಗೆ ಮುಟ್ಟಿಸುವುದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಆ ವಿದ್ಯೆಯನ್ನು ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ನಡೆಸಿಕೊಂಡು ಬಂದಿತ್ತು. ಹೀಗೆ ಕೇಳದೆ ದುಡಿಯುವವರ ಕಡೆಗೆ ನಾವು ತಿರುಗಿ ನೋಡುವುದು ಕಡಿಮೆ. ಮನೆಯಲ್ಲಿ ಹೆಂಡತಿ, ಮೈಯಲ್ಲಿ ಬಲಗೈ. ಇಬ್ಬರಲ್ಲಿ ಯಾರಾದರೂ ತವರಿಗೆ ಹೋದಾಗ ಮಾತ್ರ ಸಂಸಾರ ಯಾರ ಮೇಲೆ ನಿಂತಿತ್ತು ಎಂದು ಗೊತ್ತಾಗುವುದು. ನನ್ನ ಬಲಗೈ ಒಮ್ಮೆ ಹಾಗೆ ತವರಿಗೆ ಹೋಗಿತ್ತು. ಅದು ಹೇಗೆ ಹೋಯಿತು, ಯಾರು ಯಾರು ಸೇರಿ ಅದನ್ನು ಕರೆದುಕೊಂಡು ಬಂದರು ಎಂದು ಹೇಳಿಬಿಡುತ್ತೇನೆ. ಹೇಳದೆ ಇದ್ದರೆ, ಅದೇ ಕೈಯಲ್ಲಿ ಉಣ್ಣುತ್ತಿರುವ ನನಗೆ ಅನ್ನ ಸೇರಲಿಕ್ಕಿಲ್ಲ.

ನಾನು ಮಂಗಳೂರಿನ ತಂತಿ ಆಫೀಸಿನಲ್ಲಿ ಸಿಗ್ನಲರ್ ಆಗಿದ್ದೆ, ಹೆಸರು ಶೀನಪ್ಪ. ಈಗಿನ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಮೇಜಿನ ಮೇಲೆ ಒಂದು ಹಿತ್ತಾಳೆಯ ಯಂತ್ರ, ಅದಕ್ಕೊಂದು ಕರಿಯ ಗುಂಡಿ. ಗುಂಡಿಯನ್ನು ಸಣ್ಣದಾಗಿ ಒತ್ತಿದರೆ ಚುಕ್ಕೆ, ಸ್ವಲ್ಪ ತಡೆದು ಬಿಟ್ಟರೆ ಗೆರೆ. ಈ ಚುಕ್ಕೆ ಗೆರೆಗಳಲ್ಲೇ ಜನರ ಹುಟ್ಟು, ಸಾವು, ಮದುವೆ, ಕೊಬ್ಬರಿಯ ಧಾರಣೆ ಎಲ್ಲ ಊರಿಂದೂರಿಗೆ ಓಡುತ್ತಿದ್ದವು. ಹೊರಗಿನವರಿಗೆ ಅದು ಬರಿಯ ಕಟಕಟ. ನಮಗೆ ಅದು ಮಾತು. ಅಷ್ಟೇ ಅಲ್ಲ, ಒಬ್ಬೊಬ್ಬರ ಕಟಕಟಕ್ಕೂ ಅವರದೇ ಆದ ಓಟ ಇರುತ್ತದೆ, ಅವರದೇ ಆದ ಉಸಿರು ಇರುತ್ತದೆ. ಒಬ್ಬನ ಚುಕ್ಕೆಗಳು ಮಳೆಹನಿಯ ಹಾಗೆ ಉದುರಿದರೆ ಇನ್ನೊಬ್ಬನವು ಸಾಲಗಾರನ ಹಾಗೆ ಹಿಂದೆ ಹಿಂದೆ ನೋಡಿಕೊಂಡು ಬರುತ್ತವೆ. ಇದನ್ನು ನಾವು ಸಿಗ್ನಲರುಗಳು ‘ಕೈ’ ಎನ್ನುತ್ತಿದ್ದೆವು. ಅಡಿಗೆಯವರಿಗೆ, ಸೂಲಗಿತ್ತಿಯರಿಗೆ ಕೈಗುಣ ಎಂದು ಹೇಳುತ್ತೇವಲ್ಲ, ಹಾಗೆಯೇ. ಹೆಸರು ಹೇಳಬೇಕಾಗಿಯೇ ಇಲ್ಲ. ಎರಡು ಅಕ್ಷರ ಬರುವುದರೊಳಗೆ ಆ ಕಡೆ ಕೂತವರು ಯಾರೆಂದು ತಿಳಿಯುತ್ತದೆ.

ನನ್ನ ತಂತಿಯ ಆ ತುದಿಯಲ್ಲಿ, ಕಲ್ಲಿಕೋಟೆಯಲ್ಲಿ, ಕೂತಿದ್ದವನು ಚಾತುಕುಟ್ಟಿ. ನಾವು ವರ್ಷಗಟ್ಟಲೆ ದಿನವೂ ಮಾತಾಡಿದವರು, ಮುಖ ಮಾತ್ರ ಕಂಡವರಲ್ಲ. ಅವನು ದಪ್ಪವೋ ಸಪೂರವೋ ನನಗೆ ಗೊತ್ತಿರಲಿಲ್ಲ. ಆದರೆ ಅವನಿಗೆ ನೆಗಡಿಯಾದ ದಿನ, ಮನೆಯಲ್ಲಿ ಜಗಳವಾದ ದಿನ, ಮೇಲಿನವರು ಬೈದ ದಿನ ಅವನ ಗೆರೆಗಳು ಉದ್ದವಾಗುವುದು ಗೊತ್ತಿತ್ತು. ನನಗೆ ಮಲಯಾಳ ಬಾರದು, ಅವನಿಗೆ ಕನ್ನಡವೂ ತುಳುವೂ ಬಾರದು. ಇಬ್ಬರಿಗೂ ಅಷ್ಟಿಷ್ಟು ಬರುತ್ತಿದ್ದ ಇಂಗ್ಲಿಷೇ ಸೇತುವೆ. ಇಲ್ಲಿ ಅವನ ಮಾತನ್ನೆಲ್ಲ ಕನ್ನಡ ಮಾಡಿ ಹೇಳುತ್ತೇನೆ, ವ್ಯಾಕರಣವನ್ನು ಸ್ವಲ್ಪ ರಿಪೇರಿ ಮಾಡಿ. ಮಧ್ಯಾಹ್ನ ತಂತಿಗಳು ಕಡಿಮೆಯಾದ ಹೊತ್ತಿನಲ್ಲಿ ಅವನು ಕೇಳುವ ಪ್ರಶ್ನೆ ಒಂದೇ: ಇವತ್ತು ನಿನ್ನ ಮನೆಯಲ್ಲಿ ಯಾವ ಮೀನು? ನಾನು ಬಂಗುಡೆ ಎಂದರೆ ಅವನು ತನ್ನ ಮನೆಯದನ್ನು ಹೇಳುತ್ತಿದ್ದ. ಎರಡೂ ಕಡೆ ಒಂದೇ ಮೀನಾದರೆ ಆ ದಿನ ನಮಗೆ ಹಬ್ಬ.

ಇನ್ನು ಕೈ ಮುರಿದ ಕತೆ. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಅಹಮದ್ ಬ್ಯಾರಿಗಳು ನಮ್ಮ ಆಫೀಸಿಗೆ ದಿನಾ ಬರುವವರು, ನನಗೆ ಹಳೆಯ ಸ್ನೇಹಿತರು. ಅವರ ಮಗಳ ಮದುವೆ ಹೊಳೆಯಾಚೆಯ ಬೆಂಗ್ರೆಯಲ್ಲಿ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಊಟ ಮಾಡಿಸುವುದರಲ್ಲಿ ಬ್ಯಾರಿಗಳಿಗೆ ದಾಕ್ಷಿಣ್ಯ ಇಲ್ಲ, ಉಣ್ಣುವುದರಲ್ಲಿ ನನಗೂ ಇಲ್ಲ. ಹೊಟ್ಟೆ ತುಂಬಿಸಿಕೊಂಡು, ಬೀಳ್ಕೊಡಲು ಬಂದ ಬ್ಯಾರಿಗಳ ಜೊತೆಯಲ್ಲೇ ದೋಣಿ ಹತ್ತಿ ಈಚೆ ದಡಕ್ಕೆ ಬಂದೆ. ದೋಣಿ ನಿಲ್ಲುವ ಧಕ್ಕೆಯ ಮೆಟ್ಟಿಲಿನಲ್ಲಿ ಹಾವಸೆ ಕಟ್ಟಿತ್ತು. ದೋಣಿಯವನು ಕೈ ನೀಡಿದ. ಬಿಳಿ ಕೋಟು, ಹೊಸ ಜರಿಯ ಶಾಲು, ಎದುರಿಗೆ ದೋಣಿಗೆ ಇಳಿಯಲು ಕಾದು ನಿಂತ ನಾಲ್ಕು ಜನ. ನಾನು ಬೇಡ ಎಂದು ಹೇಳಿ ಹಾರಿದೆ. ಮುಂದಿನದನ್ನು ಬ್ಯಾರಿಗಳು ಎಲ್ಲರಿಗೂ ಹೇಳುತ್ತಿದ್ದ ಹಾಗೆ ಹೇಳುವುದಾದರೆ, ಶೀನಪ್ಪಣ್ಣ ನಿಂತಿದ್ದರು, ಆಮೇಲೆ ಶಾಲು ಮಾತ್ರ ನಿಂತಿತ್ತು. ಬಲಗೈ ಊರಿಕೊಂಡು ಬಿದ್ದಿದ್ದೆ. ಮುಂಗೈ ಎಲುಬು ಮುರಿದಿತ್ತು. ಬ್ಯಾರಿಗಳು ಮಗಳ ಮದುವೆಯ ಮನೆಯನ್ನೂ ನೆಂಟರನ್ನೂ ಬಿಟ್ಟು, ನನ್ನನ್ನು ಜಟಕಾದಲ್ಲಿ ಕೂರಿಸಿ, ದಾರಿಯುದ್ದಕ್ಕೂ ನನ್ನ ಮೊಣಕೈಯನ್ನು ತಮ್ಮ ಎರಡು ಅಂಗೈಗಳ ಮೇಲೆ ಇಟ್ಟುಕೊಂಡು ಡಾಕ್ಟರರ ಬಾಗಿಲಿಗೆ ತಲುಪಿಸಿದರು. ಅಲುಗಾಟಕ್ಕೆ ನನಗೆ ನೋಯದ ಹಾಗೆ ಅವರು ಸೀಟಿನಲ್ಲಿ ಕೂರದೆ ಅರ್ಧ ನಿಂತೇ ಇದ್ದರೆಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಡಾಕ್ಟರರು ಎಲುಬನ್ನು ಕೂಡಿಸಿ, ಬೆರಳ ಬುಡದಿಂದ ಮೊಣಕೈ ದಾಟುವವರೆಗೆ ಬಿಳಿಯ ಪ್ಲಾಸ್ಟರ್ ಹಾಕಿದರು. ದೀಪಾವಳಿಯವರೆಗೆ ಅಲುಗಾಡಿಸಕೂಡದು ಎಂದು ಅಪ್ಪಣೆಯಾಯಿತು.

ಕೈಯ ವಿಷಯದಲ್ಲಿ ನಮ್ಮ ಭಾಷೆಗೆ ಮೊದಲಿನಿಂದಲೂ ಸಂಶಯ ಇದ್ದ ಹಾಗಿದೆ. ಒಬ್ಬರು ಕಾಪಾಡಿದರೆ ಕೈ ಹಿಡಿದರು ಎನ್ನುತ್ತೇವೆ, ಮೋಸ ಮಾಡಿದರೆ ಕೈ ಕೊಟ್ಟರು ಎನ್ನುತ್ತೇವೆ. ಹಿಡಿಯಬೇಕಾದರೆ ಯಾರಾದರೂ ಕೊಡಲೇಬೇಕಲ್ಲ ಎಂದು ಕೇಳಿದವರಿಲ್ಲ. ಕಾಲಿಗೆ ಇಂಥ ಅಪವಾದ ಇಲ್ಲ. ಅದನ್ನು ಬೇರೆಯವರು ಎಳೆಯುತ್ತಾರೆ, ಅದರಲ್ಲಿ ಅದರ ತಪ್ಪೇನೂ ಇಲ್ಲ. ಮಣ್ಣಗುಡ್ಡದ ನನ್ನ ಮನೆಯ ಜಗಲಿಯಲ್ಲಿ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು, ನಾನು ಇಂಥ ಚಿಂತನೆಗಳಲ್ಲಿ ಕಾಲ ಕಳೆದೆ. ಕಾಲ ಕಳೆಯದೆ ಬೇರೆ ದಾರಿ ಇರಲಿಲ್ಲ. ಗುಂಡಿ ಹಾಕುವುದು, ಕಚ್ಚೆ ಕಟ್ಟುವುದು, ಕ್ಷೌರ, ಎಲ್ಲಕ್ಕೂ ನನ್ನ ಹೆಂಡತಿ ಗಿರಿಜೆಯೇ ಆಗಬೇಕು. ಊಟಕ್ಕೆ ಮಾತ್ರ ನನ್ನ ತಾಯಿ. ಎಡಗೈಯಲ್ಲಿ ಉಣ್ಣುವುದಾದರೆ ನನ್ನ ಕಣ್ಣೆದುರು ಬೇಡ ಎಂದು ಹೇಳಿ ಅವರೇ ಬಟ್ಟಲು ಹಿಡಿದು ಎದುರು ಕೂತರು. ಮೀಸೆ ನರೆಯುತ್ತಿದ್ದ ಮಗನ ಬಾಯಿಗೆ ಎಪ್ಪತ್ತರ ತಾಯಿ ತುತ್ತು ಇಡುವುದು ನೋಡುವವರಿಗೆ ಚಂದ. ಬೇಲಿಯಾಚೆಯ ಮಕ್ಕಳು ದಿನವೂ ಹೊತ್ತಿಗೆ ಸರಿಯಾಗಿ ಬಂದು ನೋಡುತ್ತಿದ್ದರು. ನನಗೆ ಮೊದಮೊದಲು ನಾಚಿಕೆಯಾಯಿತು. ಆಮೇಲೆ ಅಭ್ಯಾಸವಾಯಿತು. ಕೊನೆಗೆ, ಪ್ಲಾಸ್ಟರ್ ತೆಗೆಯುವ ದಿನ ಹತ್ತಿರ ಬಂದ ಹಾಗೆ, ಈ ತುತ್ತು ನಿಂತುಹೋಗುತ್ತದಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಈ ಮಧ್ಯೆ ಎಡಗೈ ತಲೆ ಎತ್ತಿತು. ಹುಟ್ಟಿದಂದಿನಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗನನ್ನು ಒಮ್ಮೆಲೆ ಮಾನಿಟರ್ ಮಾಡಿದ ಹಾಗೆ. ಚಿಲಕ ತೆಗೆಯಲು ಕಲಿಯಿತು, ಬೀಡಿ ಹಚ್ಚಲು ಕಲಿಯಿತು, ಪೇಪರಿನ ಹಾಳೆ ತಿರುವಲು ಕಲಿಯಿತು. ಯಾರಾದರೂ ಏನಾದರೂ ಕೊಟ್ಟರೆ ತಾನೇ ಮುಂದೆ ಹಾರುತ್ತಿತ್ತು. ನಾನದನ್ನು ಮೆಚ್ಚಿಕೊಂಡೆ. ಅದರಿಂದ ಎಂಥ ತೊಂದರೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ದೀಪಾವಳಿಗೆ ಪ್ಲಾಸ್ಟರ್ ಒಡೆದರು. ಒಳಗಿಂದ ಹೊರಬಂದದ್ದು ನನ್ನ ಕೈ ಎಂದು ನಂಬುವುದು ಕಷ್ಟವಾಯಿತು. ಬಿಳಿಚಿ, ಸೊರಗಿ, ತೊಗಲು ಎದ್ದು, ಗೆದ್ದಲು ಮುಕ್ಕಿದ ಕೋಲಿನ ಹಾಗೆ ಇತ್ತು. ಅದು ಸರಿಹೋಗುತ್ತದೆ ಎಂದರು, ಎಣ್ಣೆ ತಿಕ್ಕಿದ ಮೇಲೆ ಸರಿಯೂ ಹೋಯಿತು. ಸರಿಹೋಗದೆ ಇದ್ದದ್ದು ಬೇರೆ. ಮನೆಗೆ ಬಂದು ನೀರಿನ ಲೋಟಕ್ಕೆ ಕೈ ಚಾಚಿದೆ. ಕೈ ಹೋಯಿತು, ಲೋಟದ ಪಕ್ಕದಿಂದ ಹೋಯಿತು. ಮತ್ತೆ ಚಾಚಿದೆ, ಲೋಟವನ್ನು ಬೀಳಿಸಿತು. ಹಿಡಿ ಎಂದು ಮನಸ್ಸಿನಲ್ಲಿ ಹೇಳಿದರೆ, ಹೊಸದಾಗಿ ಬಂದ ಕೆಲಸದವನ ಹಾಗೆ, ಯಾರಿಗೆ ಹೇಳಿದ್ದೆಂದು ಆಚೀಚೆ ನೋಡುತ್ತಿತ್ತು. ಬಾಗಿಲು ದಾಟುವಾಗ ಇಲ್ಲದ ಪ್ಲಾಸ್ಟರನ್ನು ತಾಗಿಸಬಾರದೆಂದು ನಾನು ಇನ್ನೂ ಓರೆಯಾಗಿಯೇ ಹೋಗುತ್ತಿದ್ದೆ. ಮೇಜಿನ ಅಂಚಿನಲ್ಲಿ ಬೆರಳಿಟ್ಟು ನನ್ನ ಹೆಸರನ್ನು ಚುಕ್ಕೆ ಗೆರೆಗಳಲ್ಲಿ ಬಡಿಯಲು ನೋಡಿದೆ. ಯಾವ ಅಕ್ಷರಕ್ಕೆ ಎಷ್ಟು ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಳಬರು ಕೈಯನ್ನು ಕರ್ಮೇಂದ್ರಿಯಗಳ ಸಾಲಿನಲ್ಲಿ ಕೂರಿಸಿದ್ದಾರೆ. ಕೆಲಸ ಅದರದು, ತಿಳಿವಳಿಕೆ ಕಣ್ಣು ಕಿವಿಗಳದು ಎಂಬ ಹಾಗೆ. ನನ್ನ ಕೈಗೆ ಎಷ್ಟು ತಿಳಿದಿತ್ತು ಎಂದು ಅದು ಮರೆತ ದಿನ ನನಗೆ ತಿಳಿಯಿತು.

ಹೆದರಿ ಮತ್ತೆ ಡಾಕ್ಟರರ ಹತ್ತಿರ ಓಡಿದೆ. ಅವರು ಸಮಾಧಾನದ ಮನುಷ್ಯ. ಕೈಯನ್ನು ಮಡಚಿ ಬಿಡಿಸಿ, ಸೂಜಿ ಚುಚ್ಚಿ, ಎಲ್ಲ ನೋಡಿ ನಕ್ಕರು.

“ಎಲುಬು ಕೂಡಿದೆ, ನರ ಸರಿ ಉಂಟು” ಎಂದರು. “ಆದರೆ ಇಷ್ಟು ವಾರ ಮೆದುಳು ಈ ಕೈಗೆ ಒಂದು ಕೆಲಸ ಹೇಳಲಿಲ್ಲ, ಕೈ ಮೆದುಳಿಗೆ ಒಂದು ಸುದ್ದಿ ಕಳಿಸಲಿಲ್ಲ. ನಿಮ್ಮ ಭಾಷೆಯಲ್ಲೇ ಹೇಳ್ತೇನೆ ಮಾರಾಯ್ರೆ. ತಂತಿ ಕಡಿದಿಲ್ಲ. ಎರಡು ಕಡೆಯ ಆಫೀಸಿನವರು ಒಬ್ಬರನ್ನೊಬ್ಬರು ಮರೆತಿದ್ದಾರೆ. ಈಗ ಮಾತಾಡಿಸ್ತಾ ಇರಬೇಕು, ಬೇರೆ ಮದ್ದಿಲ್ಲ.”

ಮಾತಾಡಿಸುವುದಕ್ಕೆ ಅಡ್ಡಿ ಎಡಗೈ. ಏನೇ ಕೆಲಸ ಬರಲಿ, ಅದು ಮೊದಲೇ ಹಾರಿ ಮುಗಿಸಿಬಿಡುತ್ತಿತ್ತು. ದೇವಸ್ಥಾನದಲ್ಲಿ ಪ್ರಸಾದಕ್ಕೂ ಅದೇ ಮುಂದೆ ಹೋಗಿ, ಭಟ್ಟರ ಕಣ್ಣು ಕೆಂಪಾಯಿತು. ಅದನ್ನು ಸ್ವಲ್ಪ ಕಟ್ಟಿಹಾಕಿ ಎಂದು ಡಾಕ್ಟರರು ಹೇಳಿದ್ದರು, ಮಾತಿಗೆ ಹೇಳಿರಬೇಕು. ಗಿರಿಜೆ ಮಾತನ್ನು ಹಾಗೆ ಬಿಡುವವಳಲ್ಲ. ಮೈ ಒರೆಸುವ ಬೈರಾಸು ತಂದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿದಳು. ಎದುರಿಗೆ ಕಡಲೆಯ ತಟ್ಟೆ ಇಟ್ಟು, ಬಲಗೈಯಲ್ಲಿ ಒಂದೊಂದೇ ಹೆಕ್ಕಿ ಬೋಗುಣಿಗೆ ಹಾಕಿ ಎಂದಳು. ಕಡಲೆ ಮುಗಿದರೆ ಹುರುಳಿ, ಹುರುಳಿ ಮುಗಿದರೆ ಸಾಸಿವೆ. ಬೆಳಿಗ್ಗೆಯೆಲ್ಲ ಹೀಗೆ. ನನಗೆ ಸಿಟ್ಟು ಬಂದು ತಟ್ಟೆ ತಳ್ಳಿದ ದಿನ ಅವಳು ನೆಲದಿಂದ ಸಾಸಿವೆ ಬಳಿದು ತಟ್ಟೆಗೆ ಹಾಕಿ ಮತ್ತೆ ಎದುರಿಗಿಟ್ಟಳು. ಯಾವುದೋ ಅಪರಾಧಕ್ಕೆ ಹೆಂಡತಿ ನನ್ನನ್ನು ಕಟ್ಟಿಹಾಕಿದ್ದಾಳೆ ಎಂದು ಬೇಲಿಯಾಚೆ ಸುದ್ದಿಯಾಯಿತು.

ಕೈ ಲೋಟ ಹಿಡಿಯಿತು, ತುತ್ತು ಹಿಡಿಯಿತು. ನಾನು ಆಫೀಸಿಗೆ ಹೋದೆ. ನಮ್ಮ ಮೇಲಿನವರನ್ನು ಮಾಸ್ಟರರು ಎನ್ನುತ್ತಿದ್ದೆವು. ಅವರು ಒಳಗೆ ಕರೆದು ಬಾಗಿಲು ಮುಚ್ಚಿ ಮೆತ್ತಗೆ ಹೇಳಿದ್ದು ಇಷ್ಟು: ಕ್ರಿಸ್ಮಸ್ಸಿಗೆ ಊರಿನ ಶುಭಾಶಯದ ತಂತಿಗಳೆಲ್ಲ ಒಮ್ಮೆಲೆ ಬಂದು ಬೀಳುತ್ತವೆ, ಅಷ್ಟರೊಳಗೆ ನನ್ನ ವೇಗ ಬಾರದಿದ್ದರೆ ಆ ಕುರ್ಚಿಗೆ ಬೇರೆಯವರನ್ನು ತರಿಸಬೇಕಾಗುತ್ತದೆ, ನನ್ನನ್ನು ಘಟ್ಟದ ಮೇಲಿನ ಯಾವುದಾದರೂ ಸಣ್ಣ ಊರಿಗೆ ಅಂಚೆ ವಿಂಗಡಿಸಲು ಕಳಿಸಬೇಕಾಗುತ್ತದೆ. ಅವರಿಗೂ ಮೇಲಿನವರಿದ್ದರು. ತಾಯಿಯನ್ನು ಕರೆದುಕೊಂಡು ಘಟ್ಟ ಹತ್ತುವ ಹಾಗಿರಲಿಲ್ಲ, ಬಿಟ್ಟು ಹೋಗುವ ಹಾಗಂತೂ ಇರಲಿಲ್ಲ.

ಕುರ್ಚಿಯಲ್ಲಿ ಕೂತು ಕಲ್ಲಿಕೋಟೆಯನ್ನು ಕರೆದೆ. ಚಾತುಕುಟ್ಟಿ ಬಂದ. ನಾನು ಒಂದು ಸಾಲು ಕಳಿಸಿದೆ. ಆ ಕಡೆಯಿಂದ, ಯಾರು ನೀನು ಎಂದು ಕೇಳಿದ. ನಾನೇ, ಶೀನಪ್ಪ ಎಂದೆ. ಅವನು ನಂಬಲಿಲ್ಲ. ನಾನು ರಜೆ ಹಾಕಿದ್ದು ಅವನಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಶೀನಪ್ಪನ ಕೈ ನನಗೆ ಗೊತ್ತಿದೆ, ನೀನು ಹೊಸ ಹುಡುಗ, ನಿನ್ನ ಮೇಲೆ ಸಿಟ್ಟಿಲ್ಲ, ಅವನನ್ನು ಕರಿ ಎಂದ.

ಇಷ್ಟು ವರ್ಷದ ಸ್ನೇಹಿತನೊಬ್ಬ ನನ್ನನ್ನೇ ಕರೆಯಲು ನನಗೆ ಹೇಳುತ್ತಿದ್ದ. ಒಂದೊಂದೇ ಅಕ್ಷರ ತಡವರಿಸಿಕೊಂಡು ಕಳಿಸಿದೆ: ಇವತ್ತು ಬೂತಾಯಿ ಮೀನು, ಉಪ್ಪು ಹೆಚ್ಚಾಗಿದೆ. ಆಮೇಲೆ ಬಹಳ ನಿಧಾನವಾಗಿ, ಮಗುವಿಗೆ ಕೇಳುವ ಹಾಗೆ, ಅವನು ಕೇಳಿದ: “ನಿನ್ನ ಕೈಗೆ ಏನಾಯಿತು?”

ಎಲ್ಲವನ್ನೂ ಹೇಳಿದೆ. ಹೇಳಲು ಎಷ್ಟು ಹೊತ್ತು ಹಿಡಿಯಿತೋ, ಅವನು ಎಲ್ಲಿಯೂ ಅಡ್ಡ ಬರಲಿಲ್ಲ. ಮುಗಿದ ಮೇಲೆ, ನಾಳೆ ಮಧ್ಯಾಹ್ನ ಕೆಲಸ ಇಲ್ಲದ ಹೊತ್ತಿಗೆ ಕುರ್ಚಿಯಲ್ಲಿ ಇರು, ಗುಂಡಿ ಮುಟ್ಟಬೇಡ, ಸುಮ್ಮನೆ ಕೇಳು ಎಂದ.

ಮರುದಿನ ಕೂತೆ. ಯಂತ್ರ ಕಟಕಟ ಎಂದಿತು. ಏನೋ ಕೊಬ್ಬರಿಯ ಧಾರಣೆ, ಯಾರದೋ ಆಗಮನ, ಅರ್ಥ ಇಲ್ಲದ ಹಳೆಯ ತಂತಿಗಳು. ಎರಡು ಸಾಲು ಕೇಳುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತು. ಅದು ಚಾತುಕುಟ್ಟಿಯ ಕೈಯಾಗಿರಲಿಲ್ಲ. ಅವಸರದ ಚುಕ್ಕೆಗಳು, ಪದದ ಕೊನೆಯ ಗೆರೆಗೆ ಮೊದಲು ಒಂದು ಸಣ್ಣ ಅನುಮಾನ, ಗೆರೆ ಬಿಟ್ಟ ಮೇಲೆ ಒಂದು ಸಮಾಧಾನದ ಉಸಿರು. ಅದು ನಾನು. ಬೆಂಗ್ರೆಯ ಮದುವೆಗೆ ಹೋಗುವ ಮೊದಲಿನ ನಾನು. ಇಷ್ಟು ವರ್ಷ ದಿನವೂ ಕೇಳಿ ಕೇಳಿ ಅವನಿಗೆ ನನ್ನ ಕೈ ಬಾಯಿಪಾಠವಾಗಿತ್ತು. ಕೆಲವೊಮ್ಮೆ ಗೆಳೆಯರನ್ನು ನಗಿಸಲು ಅಣಕಿಸುತ್ತಲೂ ಇದ್ದನಂತೆ, ಆಮೇಲೆ ಒಪ್ಪಿಕೊಂಡ. ಎಲುಬು ಇದ್ದದ್ದು ನನ್ನ ತೋಳಿನಲ್ಲಿ, ನರ ಇದ್ದದ್ದು ನನ್ನ ತೋಳಿನಲ್ಲಿ, ಕೈ ಮಾತ್ರ ಕಲ್ಲಿಕೋಟೆಯಲ್ಲಿ ಕ್ಷೇಮವಾಗಿತ್ತು.

ನಾನು ಕಣ್ಣು ಮುಚ್ಚಿ ಕೇಳಿದೆ. ದಿನವೂ ಕೇಳಿದೆ. ಹೀಗೆ ಕೇಳುತ್ತಿದ್ದ ಒಂದು ಮಧ್ಯಾಹ್ನ ಮೇಜಿನ ಮೇಲಿದ್ದ ಬೆರಳು ನಾನು ಹೇಳದೆಯೇ ಜೊತೆಯಲ್ಲಿ ಅಲುಗಿತು. ನೋಡಿದರೆ ನಿಂತೀತೆಂದು ಹೆದರಿ ನಾನು ಅದರ ಕಡೆ ನೋಡಲಿಲ್ಲ. ಮಲಗಿದ ಮಗುವಿನ ಹತ್ತಿರ ಹೆಜ್ಜೆ ಸಪ್ಪಳ ಮಾಡದೆ ನಿಲ್ಲುತ್ತಾರಲ್ಲ, ಹಾಗೆ ಕೂತೆ. ಆಮೇಲೆ ಅವನು ಒಂದು ಸಾಲು ನನ್ನ ಕೈಯಲ್ಲಿ ಕಳಿಸುವುದು, ಅದನ್ನೇ ನಾನು ತಿರುಗಿಸುವುದು. ನಾನು ತಪ್ಪಿದರೆ ತಪ್ಪಿತು ಎನ್ನುತ್ತಿರಲಿಲ್ಲ, ಅದೇ ಸಾಲನ್ನು ಮತ್ತೆ ಕಳಿಸುತ್ತಿದ್ದ. ಸರಕಾರದ ತಂತಿಯಲ್ಲಿ ಇಂಥದ್ದು ನಡೆಯಕೂಡದು. ಆ ಹೊತ್ತಿಗೆ ನಮ್ಮ ಮಾಸ್ಟರರು ಒಳಗಿನ ಕೋಣೆಗೆ ಹೋಗಿ ಗಂಭೀರವಾಗಿ ಪೇಪರ್ ಓದುತ್ತಿದ್ದರು. ಒಮ್ಮೆ ಸಹಿ ಹಾಕಿಸಲು ಹೋದಾಗ ನೋಡಿದೆ, ಹಿಂದಿನ ವಾರದ ಪೇಪರು.

ಅಹಮದ್ ಬ್ಯಾರಿಗಳು ಆಗ ದಿನಕ್ಕೆ ಎರಡು ಸಲ ಬರಲು ಶುರುಮಾಡಿದರು. ಕಿಟಕಿಯಲ್ಲಿ ತಂತಿಯ ಕಾಗದ ಕೊಟ್ಟು, ಇದನ್ನು ಶೀನಪ್ಪಣ್ಣನೇ ಕಳಿಸಬೇಕು ಎಂದು ಹಟ ಹಿಡಿಯುವರು. ಬೇರೆಯವರು ಬೇಗ ಕಳಿಸುತ್ತಾರೆ ಎಂದು ನಾನೇ ಒಮ್ಮೆ ಹೇಳಿದೆ.

“ಬೇಗ ಎಂತಕ್ಕೆ?” ಎಂದರು. “ನಿಧಾನ ಹೋಗ್ಲಿ. ಒಣಮೀನು ಅಲ್ವಾ, ಹಾಳಾಗುವುದಿಲ್ಲ.”

ವ್ಯಾಪಾರದ ಧಾರಣೆ ಗಂಟೆಗೊಮ್ಮೆ ಏರಿ ಇಳಿಯುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕಾಗದ ತೆಗೆದುಕೊಂಡೆ, ಬಲಗೈಯಲ್ಲಿ.

ಕ್ರಿಸ್ಮಸ್ ಬಂತು. ಊರಿನ ಕ್ರಿಸ್ತುವರೆಲ್ಲ ಬೊಂಬಾಯಿ, ಮದ್ರಾಸು, ಕೊಲಂಬೊಗಳಲ್ಲಿದ್ದ ಮಕ್ಕಳಿಗೆ, ಅಳಿಯಂದಿರಿಗೆ ಶುಭಾಶಯ ಕಳಿಸಲು ಕಿಟಕಿಯಲ್ಲಿ ಸಾಲು ನಿಂತರು. ತೆಂಕಣ ದಿಕ್ಕಿನವೆಲ್ಲ ನನ್ನ ಪಾಲಿಗೆ. ಬೆಳಿಗ್ಗೆ ಕೂತವನು ಊಟಕ್ಕೂ ಏಳಲಿಲ್ಲ. ಮೊದಲ ಕಟ್ಟು ಮುಗಿಯುವಾಗ ಕೈ ಮಾಡುತ್ತಿದ್ದುದನ್ನು ನಾನು ಗಮನಿಸುತ್ತಿದ್ದೆ. ಎಷ್ಟು ಹೊತ್ತಿಗೋ ಗಮನಿಸುವುದನ್ನು ಮರೆತೆ. ಮಾಸ್ಟರರು ಹಿಂದೆ ಬಂದು ನಿಂತದ್ದು, ಹೋದದ್ದು ಗೊತ್ತಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೇಜು ಬರಿದಾಗಿತ್ತು. ಮಾಸ್ಟರರು ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು, ನಾಳೆಯೂ ಈ ಕುರ್ಚಿಗೆ ನೀವೇ ಎಂದು ಹೇಳಿ ಹೋದರು.

ಚಾತುಕುಟ್ಟಿಗೆ, ನನ್ನ ಕೈ ಬಂತೇ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ ಸತ್ಯವನ್ನೇ ಹೇಳಿದ. ಇದು ಹಳೆಯದಲ್ಲ, ಕೊನೆಯ ಗೆರೆಗೆ ಮೊದಲಿನ ಆ ಅನುಮಾನ ಹೋಗಿದೆ, ಇದು ಅದರ ತಮ್ಮ ಇರಬೇಕು. ಆದರೆ ಒಂದೇ ಮನೆಯದು, ಕತ್ತಲಲ್ಲಿಯೂ ಗುರುತು ಹಿಡಿಯುತ್ತೇನೆ ಎಂದ.

ಮನೆಯಲ್ಲಿ ಇದನ್ನು ಹೇಳಿದಾಗ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಿರಿಜೆ ಕೇಳಿದ್ದು ಬೇರೆ: “ಅವರಿಗೆ ಉಪಕಾರ ಹೇಳಿದಿರಾ?” ಹೇಳಿದೆ, ತಂತಿಯಲ್ಲಿ ಎಂದೆ. ತಂತಿಯಲ್ಲಿ ಹೇಳಿದರೆ ಆಯಿತಾ, ಹೋಗಿ ಕಂಡು ಬರಬೇಡವಾ ಎಂದಳು. ಅವಳ ಮಾತಿಗೆ ಎದುರಾಡಿದರೆ ಸಾಸಿವೆಯ ತಟ್ಟೆ ಇನ್ನೂ ಅಡಿಗೆಮನೆಯಲ್ಲೇ ಇತ್ತು.

ಬೇಸಿಗೆಯಲ್ಲಿ ರಜೆ ಹಾಕಿ, ಬರುವ ದಿನವನ್ನು ಚಾತುಕುಟ್ಟಿಗೆ ತಿಳಿಸಿ, ಅವಳನ್ನೂ ಕರೆದುಕೊಂಡು ರೈಲು ಹತ್ತಿದೆ. ನೇತ್ರಾವತಿಯ ಸೇತುವೆ ದಾಟಿದ ಮೇಲೆ ಹಳಿಯ ಪಕ್ಕದಲ್ಲೇ ನನ್ನ ತಂತಿಯೂ ಕಂಬದಿಂದ ಕಂಬಕ್ಕೆ ಏರಿ ಇಳಿದು ಕಲ್ಲಿಕೋಟೆಯವರೆಗೆ ಜೊತೆಗೆ ಬಂತು. ಇಷ್ಟು ವರ್ಷ ನನ್ನ ಮಾತು ಹೋದ ದಾರಿಯಲ್ಲಿ ನಾನೂ ಒಮ್ಮೆ ಹೋದೆ. ಗಿರಿಜೆಯ ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು. ನನ್ನ ಮನಸ್ಸಿನಲ್ಲಿ ಇಂಗ್ಲಿಷಿನ ನಾಲ್ಕು ಒಳ್ಳೆಯ ವಾಕ್ಯಗಳು, ದಾರಿಯುದ್ದಕ್ಕೂ ತಿದ್ದಿ ತಿದ್ದಿ ಇಟ್ಟುಕೊಂಡವು.

ಸ್ಟೇಷನ್ನಿನಲ್ಲಿ ಒಬ್ಬ ಕುಳ್ಳ ಮನುಷ್ಯ, ಬಕ್ಕತಲೆ, ಕಂಕುಳಲ್ಲಿ ಕೊಡೆ, ಇಳಿಯುವವರ ಮುಖಗಳನ್ನೆಲ್ಲ ಬಿಟ್ಟು ಅವರ ಕೈಗಳನ್ನೇ ನೋಡುತ್ತಾ ನಿಂತಿದ್ದ. ನಾನು ಹತ್ತಿರ ಹೋದೆ. ಸಿದ್ಧ ಮಾಡಿಟ್ಟಿದ್ದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವನು ಕೊಡೆಯನ್ನು ಗಿರಿಜೆಯ ಕೈಗೆ ಕೊಟ್ಟು, ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಎತ್ತಿಕೊಂಡ. ಮಗುಚಿ ನೋಡಿದ, ಬೆರಳುಗಳನ್ನು ಒಂದೊಂದಾಗಿ ನೋಡಿದ. ಗೋಡೆಯಾಚೆಯ ಮನೆಯಲ್ಲಿ ಬೆಳೆದ, ಸ್ವರ ಮಾತ್ರ ಕೇಳಿ ಗೊತ್ತಿದ್ದ ಮಗುವನ್ನು ಮೊದಲ ಸಲ ನೋಡುವವರ ಹಾಗೆ.

“ಇದೇನಾ?” ಎಂದ.

“ಇದೇ” ಎಂದೆ.

ಅವನು ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತ. ನಾನು ಪಕ್ಕದಲ್ಲಿ ಕಾದು ನಿಂತಿದ್ದೆ. ನನ್ನ ಪರಿಚಯ ಆದದ್ದು ಆಮೇಲೆ.